ನಾಲ್ಕು ಜನ ನೋಡಲಿ ಎಂಬ ಆಸೆ

ಉಟ್ಟ ಸೀರೆ, ತಿಂದ ಬಿರಿಯಾನಿ, ಹೋದ ಊರು, ಮಗುವಿನ ಮೊದಲ ಹೆಜ್ಜೆ... ಎಲ್ಲವೂ ಫೋನಿನ ಪರದೆಗೆ! ಇದು ಬರೀ ಒಣ ಜಂಬವೇ? ಹೈದರಾಬಾದಿನ ನಾಂಪಲ್ಲಿಯಲ್ಲಿ ವರ್ಷಕ್ಕೊಮ್ಮೆ ನಡೆಯುವ ನುಮಾಯಿಶ್ ಮೇಳದ ಮೈದಾನದಲ್ಲಿ ನಿಂತು ನೋಡಿದರೆ ಬೇರೆಯೇ ಕತೆ ಕಾಣುತ್ತದೆ. ತೋರಿಸಿಕೊಳ್ಳುವ ಆಸೆ ಹಳೆಯದು. ಬದಲಾಗಿರುವುದು ನೋಡುವವರು ಮತ್ತು ನೋಡುವ ಹೊತ್ತು.

ಜನವರಿ ಎರಡನೇ ವಾರದ ಸಂಜೆ. ನಾಂಪಲ್ಲಿಯ ಎಕ್ಸಿಬಿಷನ್ ಗ್ರೌಂಡ್ಸ್‌ನಲ್ಲಿ ದೀಪಗಳು ಹೊತ್ತಿಕೊಂಡಿವೆ. ಕಾಶ್ಮೀರಿ ಶಾಲುಗಳ ಮಳಿಗೆಯ ಮುಂದೆ ಬೀದರ್ ಕಡೆಯ ಕುಟುಂಬವೊಂದು ನಿಂತಿದೆ. ತಾಯಿ ಕೆಂಪು ಶಾಲು ಹೊದ್ದು, ಸೆರಗು ಸರಿಮಾಡಿಕೊಂಡು, ಹಿಂದೆ ತಿರುಗುವ ಜಯಂಟ್ ವ್ಹೀಲ್ ಕಾಣಲೆಂದು ಒಂದು ಹೆಜ್ಜೆ ಪಕ್ಕಕ್ಕೆ ಸರಿಯುತ್ತಾಳೆ. ಮಗ ಫೋನ್ ಹಿಡಿದು ಮಂಡಿಯೂರುತ್ತಾನೆ.

‘ತಮ್ಮಾ, ಇನ್ನೊಂದ್ ತೆಗಿ. ಕಣ್ಣ ಮುಚ್ಚ್ಯಾವ ನೋಡು.’

ಅವನು ಮತ್ತೆ ತೆಗೆಯುತ್ತಾನೆ. ತಾಯಿ ಮಕ್ಕಳಿಬ್ಬರೂ ಪರದೆಯ ಮೇಲೆ ಬಗ್ಗಿ ಒಂದೊಂದನ್ನೇ ದೊಡ್ಡದು ಮಾಡಿ ನೋಡುತ್ತಾರೆ. ಒಂದು ಉಳಿಯುತ್ತದೆ, ಮಿಕ್ಕವು ಅಳಿಸಿಹೋಗುತ್ತವೆ. ಶಾಲು ಮಡಿಕೆಯಾಗಿ ಅಂಗಡಿಯವನ ಕೈಗೆ ಮರಳುತ್ತದೆ. ಕಾಗದದ ತಟ್ಟೆಯಲ್ಲಿದ್ದ ಮಿರ್ಚಿ ಬಜ್ಜಿ ಅಷ್ಟರಲ್ಲಿ ಆರಿದೆ. ಮೈದಾನದ ಗೇಟು ದಾಟುವ ಮೊದಲೇ ಚಿತ್ರ ಇನ್‌ಸ್ಟಾಗ್ರಾಂ ಸೇರಿದೆ, ವಾಟ್ಸ್ಆ್ಯಪ್ ಸ್ಟೇಟಸ್‌ಗೂ ಏರಿದೆ. ಶಾಲು ಕೊಂಡರೋ ಇಲ್ಲವೋ ಎಂಬುದು ಚಿತ್ರದಲ್ಲಿ ಕಾಣುವುದಿಲ್ಲ.

ಇಂಥ ದೃಶ್ಯ ಕಂಡವರು ‘ಎಲ್ಲ ಶೋಕಿ’ ಎಂದು ಮುಂದೆ ಹೋಗುತ್ತಾರೆ. ಅಷ್ಟಕ್ಕೇ ಬಿಟ್ಟುಬಿಡುವಷ್ಟು ಹಗುರವಾದ ವಿಷಯ ಇದಲ್ಲ. ಮನುಷ್ಯ ತನ್ನ ಬದುಕನ್ನು ಬೇರೆಯವರ ಕಣ್ಣಿಗೆ ಏಕೆ ಒಡ್ಡುತ್ತಾನೆ ಎಂಬ ಪ್ರಶ್ನೆಗೆ ಸಮಾಜಶಾಸ್ತ್ರ, ಮನಃಶಾಸ್ತ್ರ, ಅರ್ಥಶಾಸ್ತ್ರಗಳು ನೂರು ವರ್ಷಕ್ಕೂ ಹೆಚ್ಚು ಕಾಲದಿಂದ ಉತ್ತರ ಹುಡುಕುತ್ತಿವೆ. ಆ ಉತ್ತರಗಳಲ್ಲಿ ಹಲವಕ್ಕೆ ಸಾಕ್ಷಿ ಹೈದರಾಬಾದಿನಲ್ಲೇ ಇದೆ.

ಮೇಳಕ್ಕೊಂದು ಗಡುವು

ನುಮಾಯಿಶ್ ಆರಂಭವಾದದ್ದು 1938ರಲ್ಲಿ. ಹೈದರಾಬಾದ್ ಸಂಸ್ಥಾನದ ಆರ್ಥಿಕ ಸಮೀಕ್ಷೆಗೆ ಹಣ ಕೂಡಿಸಬೇಕೆಂದು ಉಸ್ಮಾನಿಯಾ ವಿಶ್ವವಿದ್ಯಾಲಯದ ಪದವೀಧರರು ಯೋಚಿಸಿದರು. ನಾಡಿನಲ್ಲಿ ತಯಾರಾಗುವ ಸರಕುಗಳನ್ನು ಒಂದೆಡೆ ತೋರಿಸುವ ಮೇಳ ಮಾಡಿದರು. ಏಳನೇ ನಿಜಾಮ ಮೀರ್ ಉಸ್ಮಾನ್ ಅಲಿ ಖಾನ್ ಅದನ್ನು ಉದ್ಘಾಟಿಸಿದರು. ಜಾಗ, ನಾಂಪಲ್ಲಿಯ ಪಬ್ಲಿಕ್ ಗಾರ್ಡನ್ಸ್, ಅಂದರೆ ಬಾಗ್-ಎ-ಆಮ್. ಆಗ ಅದು ಹತ್ತು ದಿನಗಳ ಸಣ್ಣ ಮೇಳ. ಬೀದರ್, ಕಲಬುರಗಿ, ರಾಯಚೂರುಗಳೂ ಅದೇ ಸಂಸ್ಥಾನದ ಜಿಲ್ಲೆಗಳಾಗಿದ್ದವು. 1956ರಲ್ಲಿ ಅವು ಕನ್ನಡ ನಾಡಿಗೆ ಸೇರಿದರೂ ಹೈದರಾಬಾದಿನ ಸಂತೆ, ಆಸ್ಪತ್ರೆ, ನೆಂಟಸ್ತಿಕೆಯ ನಂಟು ಬಿಟ್ಟುಹೋಗಲಿಲ್ಲ.

ಇಲ್ಲಿ ಗಮನಿಸಬೇಕಾದ್ದು, ಪ್ರದರ್ಶನಕ್ಕೆ ಒಂದು ಶುರು, ಒಂದು ಕೊನೆ ಇತ್ತು ಎಂಬುದು. ಜನ ಒಳ್ಳೆಯ ಬಟ್ಟೆ ಉಟ್ಟು ಬಂದರು, ಸರಕು ನೋಡಿದರು, ಜೊತೆಗೆ ತಾವೂ ನಾಲ್ಕು ಜನರ ಕಣ್ಣಿಗೆ ಬಿದ್ದರು. ಮೇಳ ಮುಗಿಯಿತು, ಮಳಿಗೆ ಬಿಚ್ಚಿದರು, ಮನೆಗೆ ಹೋದರು. ಜಾತ್ರೆ, ಮದುವೆ, ದಸರೆಯ ಗೊಂಬೆ ಕೂರಿಸುವ ಪದ್ಧತಿ ಎಲ್ಲದಕ್ಕೂ ಇದೇ ಕ್ರಮ. ತೋರಿಸಿಕೊಳ್ಳಲು ಊರು ಹೊತ್ತು ಗೊತ್ತುಮಾಡಿತ್ತು. ಆ ಹೊತ್ತಿನಲ್ಲಿ ತೋರಿಸಿಕೊಂಡರೆ ಯಾರೂ ಜಂಬ ಎನ್ನುತ್ತಿರಲಿಲ್ಲ. ತೋರಿಸಿಕೊಳ್ಳದಿದ್ದರೇ ‘ಮನೆಯಲ್ಲಿ ಏನೋ ತೊಂದರೆ ಇರಬೇಕು’ ಎಂದು ಆಡಿಕೊಳ್ಳುತ್ತಿದ್ದರು.

> ■ ನುಮಾಯಿಶ್: ಒಂದಿಷ್ಟು ವಿವರ
> ಪಬ್ಲಿಕ್ ಗಾರ್ಡನ್ಸ್‌ನಿಂದ ಈಗಿನ ಮೈದಾನಕ್ಕೆ ಬಂದದ್ದು 1946ರಲ್ಲಿ. ಮೈದಾನದ ವಿಸ್ತಾರ 23 ಎಕರೆ. ಸಂಸ್ಥಾನದ ವಿಲೀನದ ಹೊತ್ತಿನಲ್ಲಿ ನಿಂತಿದ್ದ ಮೇಳ 1949ರಲ್ಲಿ ಮತ್ತೆ ಆರಂಭವಾಯಿತು, ಅಖಿಲ ಭಾರತ ಕೈಗಾರಿಕಾ ವಸ್ತುಪ್ರದರ್ಶನ ಎನ್ನಿಸಿಕೊಂಡಿತು. ಸಾಮಾನ್ಯವಾಗಿ ಜನವರಿ 1ರಿಂದ ಫೆಬ್ರುವರಿ ಮಧ್ಯದವರೆಗೆ ನಡೆಯುತ್ತದೆ. 2019ರ ಜನವರಿ 30ರ ಬೆಂಕಿಯಲ್ಲಿ ನೂರಾರು ಮಳಿಗೆಗಳು ಸುಟ್ಟವು. ಕೋವಿಡ್‌ನಿಂದಾಗಿ 2021ರಲ್ಲಿ ಮೇಳ ನಡೆಯಲಿಲ್ಲ. ಇದನ್ನು ನಡೆಸುವ ಎಕ್ಸಿಬಿಷನ್ ಸೊಸೈಟಿ ಆದಾಯದಿಂದ ಹಲವು ಶಾಲಾ ಕಾಲೇಜುಗಳನ್ನು ಸಾಕುತ್ತಿದೆ.

ದೀನ್ ದಯಾಳರ ಎತ್ತರದ ಗೋಡೆ

ಫೋಟೊ ತೆಗೆಸಿ ನಾಲ್ಕು ಜನಕ್ಕೆ ಹಂಚುವ ಚಾಳಿ ನುಮಾಯಿಶ್‌ಗಿಂತಲೂ ಹಳೆಯದು. 1854ರಲ್ಲಿ ಪ್ಯಾರಿಸ್‌ನ ಫೋಟೊಗ್ರಾಫರ್ ಡಿಸ್ಡೆರಿ ಒಂದೇ ಗಾಜಿನ ಪ್ಲೇಟಿನಲ್ಲಿ ಹಲವು ಚಿತ್ರ ತೆಗೆಯುವ ವಿಧಾನಕ್ಕೆ ಪೇಟೆಂಟ್ ಪಡೆದರು. ಬೆಲೆ ಇಳಿಯಿತು. ವಿಸಿಟಿಂಗ್ ಕಾರ್ಡಿನ ಗಾತ್ರದ ಚಿತ್ರಗಳನ್ನು ಜನ ಒಬ್ಬರಿಗೊಬ್ಬರು ಕೊಟ್ಟು ತೆಗೆದುಕೊಂಡರು, ಆಲ್ಬಂ ಮಾಡಿ ಬಂದವರ ಕಣ್ಣಿಗೆ ಬೀಳುವ ಹಾಗೆ ಮುಂದಿನ ಕೋಣೆಯಲ್ಲಿ ಇಟ್ಟರು. ಯಾರ ಆಲ್ಬಂನಲ್ಲಿ ಯಾವ ದೊಡ್ಡ ಮನುಷ್ಯರ ಚಿತ್ರವಿದೆ ಎಂಬುದು ಮನೆತನದ ಅಂತಸ್ತಿನ ಮಾತಾಯಿತು.

ಹೈದರಾಬಾದಿಗೆ ಈ ಗೀಳನ್ನು ಹತ್ತಿಸಿದವರಲ್ಲಿ ಮುಖ್ಯರು ರಾಜಾ ದೀನ್ ದಯಾಳ್ (1844–1905). ಮೀರತ್ ಬಳಿಯ ಸರ್ಧನಾದಲ್ಲಿ ಹುಟ್ಟಿ, ಇಂದೋರಿನ ಲೋಕೋಪಯೋಗಿ ಇಲಾಖೆಯಲ್ಲಿ ನಕ್ಷೆಗಾರರಾಗಿದ್ದವರು ಅವರು. ಆರನೇ ನಿಜಾಮ ಮೀರ್ ಮಹಬೂಬ್ ಅಲಿ ಖಾನರ ಆಸ್ಥಾನ ಛಾಯಾಗ್ರಾಹಕರಾಗಿ ಸಿಕಂದರಾಬಾದಿನಲ್ಲಿ ಸ್ಟುಡಿಯೊ ತೆರೆದರು. ಕೊಂದ ಹುಲಿಯ ಪಕ್ಕ ನಿಂತ ಬೇಟೆಗಾರರು, ಅರಮನೆಯ ಊಟದ ಮೇಜು, ಮುತ್ತಿನ ಸರ ತೊಟ್ಟ ಅಮೀರರು ಅವರ ಕ್ಯಾಮೆರಾದ ಮುಂದೆ ಬಂದರು. ಇಂದಿನ ಫೀಡ್‌ನಲ್ಲಿ ಹಾದುಹೋಗುವ ವಸ್ತುಗಳನ್ನು ಇದರ ಪಕ್ಕ ಇಟ್ಟು ನೋಡಿದರೆ ಹುಲಿಯೊಂದನ್ನು ಬಿಟ್ಟು ಮಿಕ್ಕದ್ದೆಲ್ಲ ಹಾಗೇ ಇದೆ.

ಅದಕ್ಕಿಂತ ಕುತೂಹಲದ ಸಂಗತಿ 1892ರದು. ಆ ವರ್ಷ ದೀನ್ ದಯಾಳ್ ಹೈದರಾಬಾದಿನಲ್ಲಿ ಹೆಂಗಸರಿಗೆಂದೇ ಜನಾನಾ ಸ್ಟುಡಿಯೊ ತೆರೆದರು. ಸುತ್ತ ಎತ್ತರದ ಗೋಡೆ, ಒಳಗೆ ಗಂಡಸರಿಗೆ ಪ್ರವೇಶವಿಲ್ಲ. ಕ್ಯಾಮೆರಾದ ಹಿಂದೆ ನಿಂತದ್ದು ಕೆನ್ನಿ-ಲೆವಿಕ್ ಎಂಬ ಇಂಗ್ಲಿಷ್ ಮಹಿಳೆ. ಪರದೆಯಲ್ಲಿದ್ದ ಹೆಂಗಸರಿಗೂ ತಮ್ಮ ಚಿತ್ರ ಬೇಕಿತ್ತು, ಯಾರು ನೋಡಬೇಕು ಎಂಬುದು ಮಾತ್ರ ಹಿಡಿತದಲ್ಲಿರಬೇಕಿತ್ತು. ಕಾಣಿಸಿಕೊಳ್ಳುವ ಆಸೆ, ಕಂಡುಬಿಟ್ಟರೆ ಎಂಬ ಅಳುಕು ಎರಡೂ ಒಂದೇ ಗೋಡೆಯೊಳಗೆ ಇದ್ದವು.

ಮುಂದೆ ಕ್ಯಾಮೆರಾ ಶ್ರೀಮಂತರ ಸೊತ್ತಾಗಿ ಉಳಿಯಲಿಲ್ಲ. ಜಾತ್ರೆಯ ಫೋಟೊ ಅಂಗಡಿಗಳಲ್ಲಿ ತಾಜ್‌ಮಹಲ್ ಬರೆದ ಪರದೆ, ಹಲಗೆಯಲ್ಲಿ ಕೊರೆದ ಮೋಟಾರ್ ಸೈಕಲ್, ಅರ್ಧಚಂದ್ರ ಬಂದವು. ಮಧ್ಯಪ್ರದೇಶದ ನಾಗದಾ ಪಟ್ಟಣದ ಸ್ಟುಡಿಯೊಗಳನ್ನು ಅಧ್ಯಯನ ಮಾಡಿದ ಮಾನವಶಾಸ್ತ್ರಜ್ಞ ಕ್ರಿಸ್ಟಫರ್ ಪಿನ್ನಿ 1997ರ ತಮ್ಮ ‘ಕ್ಯಾಮೆರಾ ಇಂಡಿಕಾ’ ಪುಸ್ತಕದಲ್ಲಿ ಇದನ್ನು ವಿವರವಾಗಿ ದಾಖಲಿಸಿದ್ದಾರೆ. ಇದ್ದದ್ದನ್ನು ಇದ್ದ ಹಾಗೆ ಹಿಡಿಯಲಿ ಎಂದು ಜನ ಸ್ಟುಡಿಯೊಗೆ ಬರುತ್ತಿರಲಿಲ್ಲ. ತಾವು ಹೇಗಿರಬಲ್ಲೆವು ಎಂಬುದನ್ನು ನೋಡಿಕೊಳ್ಳಲು ಬರುತ್ತಿದ್ದರು. ಕಾಶ್ಮೀರಿ ಶಾಲು ಹೊದ್ದ ತಾಯಿಯೂ ಸುಳ್ಳು ಹೇಳುತ್ತಿಲ್ಲ.

ಯಾವ ಹಸಿವು ಇದು?

ತೋರಿಸಿಕೊಳ್ಳುವುದರ ಬಗ್ಗೆ ಗಟ್ಟಿಯಾಗಿ ಬರೆದ ಮೊದಲಿಗರಲ್ಲಿ ಅಮೆರಿಕದ ಥಾರ್ಸ್ಟೀನ್ ವೆಬ್ಲೆನ್ ಒಬ್ಬರು. ಸಿರಿವಂತಿಕೆ ಇದ್ದರೆ ಸಾಲದು, ಅದು ಕಣ್ಣಿಗೆ ಕಾಣಬೇಕು, ಆಗಲೇ ಮರ್ಯಾದೆ ಎಂದು 1899ರಲ್ಲಿ ಅವರು ವಾದಿಸಿದರು. ವೆಬ್ಲೆನ್ ಗುರಿಯಿಟ್ಟದ್ದು ಸಿರಿವಂತರ ಮೇಲೆ. ಬಡವರ ವಿಷಯದಲ್ಲೂ ಮಾತು ಬಹುಮಟ್ಟಿಗೆ ನಿಜ. ಅಭಿಜಿತ್ ಬ್ಯಾನರ್ಜಿ ಮತ್ತು ಎಸ್ತರ್ ಡುಫ್ಲೊ ರಾಜಸ್ಥಾನದ ಉದಯಪುರ ಜಿಲ್ಲೆಯ ಕಡುಬಡ ಕುಟುಂಬಗಳ ಖರ್ಚನ್ನು ಲೆಕ್ಕಹಾಕಿ 2007ರಲ್ಲಿ ಬರೆದ ಪ್ರಬಂಧದಲ್ಲಿ, ಅವುಗಳ ವಾರ್ಷಿಕ ಖರ್ಚಿನಲ್ಲಿ ಸುಮಾರು ಶೇ 10ರಷ್ಟು ಹಬ್ಬಗಳಿಗೇ ಹೋಗುತ್ತಿತ್ತು ಎಂದು ತೋರಿಸಿದರು. ಹೊಟ್ಟೆ ತುಂಬ ಉಣ್ಣಲು ಕಷ್ಟಪಡುವ ಮನೆಯೂ ಹಬ್ಬದ ದಿನ ಊರವರ ಸಮಕ್ಕೆ ನಿಲ್ಲಬೇಕು. ಅದನ್ನು ದುಂದು ಎಂದು ಬಯ್ಯುವ ಮೊದಲು, ಊರಿನ ಲೆಕ್ಕದಿಂದ ಬಿಟ್ಟುಹೋಗುವುದು ಎಂಥ ಭಯ ಎಂದು ಯೋಚಿಸಬೇಕು.

ಸಮಾಜಶಾಸ್ತ್ರಜ್ಞ ಅರ್ವಿಂಗ್ ಗಾಫ್‌ಮನ್ 1950ರ ದಶಕದಲ್ಲಿ ಇದನ್ನೇ ರಂಗಭೂಮಿಯ ಭಾಷೆಯಲ್ಲಿ ವಿವರಿಸಿದರು. ಪ್ರತಿಯೊಬ್ಬರಿಗೂ ರಂಗದ ಮುಂದಿನ ನಡೆ ಒಂದು, ನೇಪಥ್ಯದ ನಡೆ ಇನ್ನೊಂದು. ಕಚೇರಿಯಲ್ಲಿ, ಬೀಗರ ಮುಂದೆ, ಗೆಳೆಯರ ನಡುವೆ ಅದೇ ಮನುಷ್ಯ ಬೇರೆ ಬೇರೆ ರೀತಿ ಇರುತ್ತಾನೆ. ಅದು ಮೋಸವಲ್ಲ, ಒಟ್ಟಿಗೆ ಬದುಕುವ ರೀತಿ. ತೊಡಕು ಶುರುವಾಗುವುದು ಎಲ್ಲ ಪ್ರೇಕ್ಷಕರೂ ಒಂದೇ ಸಭಾಂಗಣಕ್ಕೆ ಬಂದಾಗ. ಫೋಟೊ ಜಾಲದಲ್ಲಿ ಆಗಿರುವುದು ಅದೇ. ಗೋವಾ ಬೀಚಿನ ಒಂದೇ ಚಿತ್ರವನ್ನು ಹಾಸ್ಟೆಲ್ ಗೆಳತಿ, ಹೆಡ್ ಆಫೀಸಿನ ಮ್ಯಾನೇಜರ್, ಸಂಬಂಧ ಹುಡುಕುತ್ತಿರುವ ಸೋದರತ್ತೆ ಎಲ್ಲರೂ ನೋಡುತ್ತಾರೆ. ಎಲ್ಲರಿಗೂ ಒಪ್ಪುವುದು ಯಾವುದು? ನಗುಮುಖ, ಒಳ್ಳೆಯ ಬಟ್ಟೆ, ಒಳ್ಳೆಯ ಊಟ. ಚಿತ್ರಗಳೆಲ್ಲ ಒಂದೇ ತರಹ ಇರಲು ಇದು ದೊಡ್ಡ ಕಾರಣ. ಜಗಳ, ಸಾಲ, ಸೋತ ಪರೀಕ್ಷೆ ನೇಪಥ್ಯದಲ್ಲೇ ಉಳಿಯುತ್ತವೆ.

ನೋಡುವವರ ಮನಸ್ಸಿನಲ್ಲಿ ಏನಾಗುತ್ತದೆ ಎಂಬುದಕ್ಕೆ ಲಿಯಾನ್ ಫೆಸ್ಟಿಂಗರ್ 1954ರಲ್ಲಿ ಮಂಡಿಸಿದ ಸಾಮಾಜಿಕ ಹೋಲಿಕೆಯ ಸಿದ್ಧಾಂತ ಇಂದಿಗೂ ಆಧಾರ. ತಾನು ಎಲ್ಲಿದ್ದೇನೆ ಎಂದು ಅಳೆಯಲು ಬೇರೆ ಕೋಲಿಲ್ಲದಾಗ ಮನುಷ್ಯ ತನ್ನಂಥವರನ್ನೇ ಕೋಲಾಗಿ ಬಳಸುತ್ತಾನೆ. ನಿಜಾಮನ ವಜ್ರ ಯಾರ ನಿದ್ದೆಯನ್ನೂ ಕೆಡಿಸುವುದಿಲ್ಲ. ಜೊತೆಗೆ ಓದಿದವಳ ಹೊಸ ಫ್ಲ್ಯಾಟ್ ಕೆಡಿಸುತ್ತದೆ. ಹಾಗೆ ಕೆಟ್ಟ ನಿದ್ದೆ ಮರುದಿನ ಇನ್ನೊಂದು ಚಿತ್ರವಾಗಿ ಹೊರಬರುತ್ತದೆ.

ಲೈಕ್ ಎಂಬ ಮುಯ್ಯಿ

ಕಲಬುರಗಿ, ಬೀದರ್ ಕಡೆಯ ಮದುವೆಗಳಲ್ಲಿ ಮೈಕ್ ಹಿಡಿದು ಆಯೇರಿ ಕೂಗುವುದುಂಟು. ಯಾರು, ಯಾವ ಊರಿನವರು, ಏನು ಕೊಟ್ಟರು ಎಂಬುದು ಮಂಟಪಕ್ಕೆಲ್ಲ ಕೇಳಬೇಕು. ಹಳೇ ಮೈಸೂರಿನ ಕಡೆ ಮುಯ್ಯಿ ನೋಟ್‌ಬುಕ್ಕಿಗೆ ಏರುತ್ತದೆ. ಅವರ ಮನೆಯ ಮದುವೆ ಬಂದಾಗ ಪುಟ ತಿರುವಿ ನೋಡಿ ಅಷ್ಟನ್ನೇ, ಇಲ್ಲವೇ ತುಸು ಹೆಚ್ಚು ಮರಳಿಸಬೇಕು. ಲೈಕ್ ಕೂಡ ಬಹುಪಾಲು ಇದೇ ವ್ಯವಹಾರ. ‘ನಾನು ಅವಳ ಎಲ್ಲ ಫೋಟೊಗೂ ಒತ್ತಿದ್ದೇನೆ, ಅವಳು ನನ್ನದನ್ನು ನೋಡಿಯೂ ಸುಮ್ಮನಿದ್ದಾಳೆ’ ಎಂಬ ಮುನಿಸು ಹೊಸದೇನಲ್ಲ. ಆದರೆ ಮುಯ್ಯಿಯ ಪುಸ್ತಕ ಮನೆಯ ಪೆಟ್ಟಿಗೆಯಲ್ಲಿರುತ್ತಿತ್ತು, ಲೈಕಿನ ಎಣಿಕೆ ಎಲ್ಲರ ಕಣ್ಣೆದುರಿಗಿದೆ.

ಆ ಎಣಿಕೆಗೆ ಮಿದುಳು ಹೇಗೆ ಸ್ಪಂದಿಸುತ್ತದೆ? ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಲಾಸ್ ಏಂಜಲೀಸ್ ಕ್ಯಾಂಪಸ್‌ನಲ್ಲಿ ಲಾರೆನ್ ಶರ್ಮನ್ ಮತ್ತು ಸಂಗಡಿಗರು 2016ರಲ್ಲಿ ಪ್ರಕಟಿಸಿದ ಪ್ರಯೋಗ ಸರಳವೂ ಜಾಣತನದ್ದೂ ಆಗಿತ್ತು. ಹದಿಹರೆಯದ ಮಕ್ಕಳನ್ನು ಮಿದುಳಿನ ಸ್ಕ್ಯಾನರ್‌ನಲ್ಲಿ ಮಲಗಿಸಿ ಫೋಟೊಗಳನ್ನು ತೋರಿಸಲಾಯಿತು. ಲೈಕುಗಳ ಸಂಖ್ಯೆಯನ್ನು ಸಂಶೋಧಕರೇ ಇಟ್ಟಿದ್ದರು: ಒಂದೇ ಚಿತ್ರ ಅರ್ಧ ಮಕ್ಕಳಿಗೆ ಹೆಚ್ಚು ಲೈಕ್‌ನೊಂದಿಗೆ, ಉಳಿದರ್ಧಕ್ಕೆ ಕಡಿಮೆಯೊಂದಿಗೆ ಕಂಡಿತು. ತಮ್ಮದೇ ಚಿತ್ರಕ್ಕೆ ಹೆಚ್ಚು ಲೈಕ್ ಕಂಡಾಗ ಬಹುಮಾನದ ಸುಖಕ್ಕೆ ಸಂಬಂಧಿಸಿದ ಭಾಗ ಚುರುಕಾಯಿತು. ಬೇರೆಯವರ ಚಿತ್ರಕ್ಕೂ, ಹೆಚ್ಚು ಲೈಕ್ ಇದ್ದರೆ ತಾವೂ ಒತ್ತುವ ಸಾಧ್ಯತೆ ಹೆಚ್ಚಿತು.

ಇನ್ನೊಂದು ಅಂಶವಿದೆ. ಯಾವಾಗ, ಎಷ್ಟು ಲೈಕ್ ಬರುತ್ತದೆ ಎಂದು ಮೊದಲೇ ತಿಳಿಯದು. ಗೊತ್ತಿಲ್ಲದ ಹೊತ್ತಿನಲ್ಲಿ ಸಿಗುವ ಬಹುಮಾನ ಅಭ್ಯಾಸವನ್ನು ಗಟ್ಟಿ ಮಾಡುತ್ತದೆ ಎಂದು ಪಾರಿವಾಳ, ಇಲಿಗಳ ಮೇಲಿನ ಪ್ರಯೋಗಗಳಿಂದ ಬಿ. ಎಫ್. ಸ್ಕಿನ್ನರ್ ಬಹಳ ಹಿಂದೆಯೇ ತೋರಿಸಿದ್ದರು. ಫೋಟೊ ಹಾಕಿದ ಮೊದಲ ಗಂಟೆಯಲ್ಲಿ ಕೈ ಮತ್ತೆ ಮತ್ತೆ ಫೋನಿನತ್ತ ಹೋಗುವುದು ಆ ನಿಯಮದ ಪ್ರಕಾರವೇ.

ಕೈಗೆ ಸಿಕ್ಕ ಸಲಕರಣೆ

ಆಸೆ ಹಳೆಯದಾದರೂ ಸಲಕರಣೆ ಹೊಸದು. ಕೆವಿನ್ ಸಿಸ್ಟ್ರಾಮ್ ಮತ್ತು ಮೈಕ್ ಕ್ರೀಗರ್ 2010ರ ಅಕ್ಟೋಬರ್ 6ರಂದು ಇನ್‌ಸ್ಟಾಗ್ರಾಂ ಬಿಡುಗಡೆ ಮಾಡಿದರು. ಮಸುಕಾದ ಫೋನ್ ಚಿತ್ರಕ್ಕೂ ಫಿಲ್ಟರ್ ಹಾಕಿದರೆ ಒಂದು ಸೊಬಗು ಬರುತ್ತಿತ್ತು. ಯಶಸ್ಸಿನ ಗುಟ್ಟು ಅರ್ಧ ಅಲ್ಲೇ ಇತ್ತು. 2012ರಲ್ಲಿ ಫೇಸ್‌ಬುಕ್ ಅದನ್ನು 100 ಕೋಟಿ ಡಾಲರ್‌ಗೆ ಕೊಂಡಿತು. 2016ರ ಆಗಸ್ಟ್‌ನಲ್ಲಿ 24 ಗಂಟೆಯಲ್ಲಿ ಮಾಯವಾಗುವ ಸ್ಟೋರಿ ಬಂತು. ಅದರಿಂದ ‘ಈ ಫೋಟೊ ಹಾಕುವಷ್ಟು ಚೆನ್ನಾಗಿದೆಯೇ’ ಎಂಬ ಹಿಂಜರಿಕೆಯೂ ಹೋಯಿತು.

ಭಾರತದಲ್ಲಿ ತಿರುವು ಕೊಟ್ಟದ್ದು ಎರಡು ಸಂಗತಿ. 2016ರ ಸೆಪ್ಟೆಂಬರ್‌ನಲ್ಲಿ ಜಿಯೊ ಬಂದು ಡೇಟಾ ಬೆಲೆ ನೆಲಕಚ್ಚಿತು. 2020ರ ಜೂನ್‌ನಲ್ಲಿ ಕೇಂದ್ರ ಸರ್ಕಾರ ಟಿಕ್‌ಟಾಕ್ ನಿಷೇಧಿಸಿತು, ಮರುತಿಂಗಳೇ ಇನ್‌ಸ್ಟಾಗ್ರಾಂ ಇಲ್ಲಿ ರೀಲ್ಸ್ ತಂದಿತು. ಹೊಲದ ಬದುವಿನಲ್ಲಿ ಕುಣಿಯುವ ಹುಡುಗಿಗೂ, ಗಾರೆ ಕೆಲಸದ ಬಿಡುವಿನಲ್ಲಿ ಸಂಭಾಷಣೆ ಹೇಳುವ ಹುಡುಗನಿಗೂ ಊರಾಚೆಯ ಪ್ರೇಕ್ಷಕರು ಸಿಕ್ಕರು. ಇದನ್ನು ಕೀಳಾಗಿ ಕಾಣುವುದು ಅನ್ಯಾಯ. ಫೋಟೊ ಸ್ಟುಡಿಯೊ ಮೆಟ್ಟಿಲು ಹತ್ತಲೂ ಹಿಂಜರಿದ ಮನೆಗಳ ಮಕ್ಕಳು ಅವರು.

ಹಿಂದೆಯೇ ಹಣವೂ ಬಂತು. ಮಿಕ್ಸಿ, ಸೀರೆ, ಹೋಟೆಲುಗಳ ಜಾಹೀರಾತು ‘ನನ್ನ ಬದುಕು’ ಎಂಬ ವೇಷದಲ್ಲಿ ಬರತೊಡಗಿದಾಗ ಭಾರತೀಯ ಜಾಹೀರಾತು ಗುಣಮಟ್ಟ ಮಂಡಳಿ 2021ರಲ್ಲಿ ಇನ್‌ಫ್ಲುಯೆನ್ಸರ್‌ಗಳಿಗೆ ನಿಯಮ ರೂಪಿಸಿತು. ಹಣ ಪಡೆದು ಹಾಕಿದ್ದರೆ ಜಾಹೀರಾತು ಎಂದು ಸ್ಪಷ್ಟವಾಗಿ ನಮೂದಿಸಬೇಕು.

ಕಣ್ಣು ಬೀಳಬಾರದು!

ನವಜಾತ ಶಿಶುವಿನ ಫೋಟೊ. ಹೊಸ ಲಂಗ, ಬೆಳ್ಳಿ ಕಾಲ್ಗಡಗ, ಮೆತ್ತನೆಯ ಹಾಸಿಗೆ ಎಲ್ಲವೂ ಇದೆ. ಮುಖದ ಜಾಗದಲ್ಲಿ ಮಾತ್ರ ಕೆಂಪು ಹೃದಯದ ಚಿಹ್ನೆ. ಕನ್ನಡದ ಮನೆಗಳ ಸ್ಟೇಟಸ್‌ಗಳಲ್ಲಿ ದಿನವೂ ಕಾಣುವ ಚಿತ್ರ ಇದು. ತೋರಿಸದೆ ಇರಲಾಗದು, ತೋರಿಸಿದರೆ ದೃಷ್ಟಿಯಾದೀತು. ಕೆನ್ನೆಗಿಟ್ಟ ಕಾಡಿಗೆಯ ಬೊಟ್ಟಿನ ಕೆಲಸವನ್ನು ಆ ಚಿಹ್ನೆ ಮಾಡುತ್ತಿದೆ. ಎಷ್ಟೋ ಮನೆಗಳಲ್ಲಿ ಬಸುರಿಯ ಸುದ್ದಿ, ಮದುವೆಯ ಮಾತುಕತೆ, ವಿದೇಶದ ವೀಸಾ ಕೆಲಸ ಮುಗಿಯುವ ತನಕ ಹೊರಬರುವುದೇ ಇಲ್ಲ.

ಈ ಅಳುಕನ್ನು ಕಂಪನಿಗಳೂ ಅರಿತವು. ಹೆಂಗಸರ ಚಿತ್ರ ಕದ್ದು ದುರುಪಯೋಗ ಮಾಡುವುದನ್ನು ತಡೆಯಲು ಫೇಸ್‌ಬುಕ್ 2017ರಲ್ಲಿ ಪ್ರೊಫೈಲ್ ಚಿತ್ರಕ್ಕೆ ಕಾವಲು ಹಾಕುವ ಸೌಲಭ್ಯವನ್ನು ಮೊದಲು ತಂದದ್ದು ಭಾರತದಲ್ಲಿ. 2020ರಲ್ಲಿ ಪ್ರೊಫೈಲನ್ನೇ ಬೀಗ ಹಾಕುವ ಸೌಲಭ್ಯ ಇಲ್ಲಿಗೆ ಬಂತು. ದೀನ್ ದಯಾಳರ ಜನಾನಾ ಸ್ಟುಡಿಯೊದ ಗೋಡೆ 125 ವರ್ಷಗಳ ನಂತರ ಗುಂಡಿ ಒತ್ತಿ ಎಬ್ಬಿಸುವ ಗೋಡೆಯಾಯಿತು. ‘ಶೋಕಿ’ ಎಂಬ ಬೈಗುಳ ಗಂಡಸರಿಗಿಂತ ಹೆಂಗಸರಿಗೇ ಹೆಚ್ಚು ತಗಲುತ್ತದೆ. ಬೀಗದ ಅಗತ್ಯ ಅವರಿಗೇ ಹೆಚ್ಚಾಗಿರುವುದು ಅದೇ ಕಾರಣಕ್ಕೆ.

ಹೆದರಿಕೆ ಬರೀ ನಂಬಿಕೆಯದಲ್ಲ. ಸಂಕ್ರಾಂತಿಗೆ ಊರಿಗೆ ಹೊರಟವರು ಪ್ರಯಾಣದ ವಿಷಯ ಜಾಲತಾಣದಲ್ಲಿ ಹಾಕಬಾರದು, ಕಳ್ಳರಿಗೆ ಖಾಲಿ ಮನೆಯ ಸುಳಿವು ಸಿಗುತ್ತದೆ ಎಂದು ಹೈದರಾಬಾದಿನ ಪೊಲೀಸರು ರಜೆಯ ಮುನ್ನ ಎಚ್ಚರಿಸುತ್ತಾರೆ.

> ■ ಒಂದು ಫೋಟೊಗೆ ಒಂದು ಜೀವ
> 2011ರಿಂದ 2017ರವರೆಗೆ ಜಗತ್ತಿನಲ್ಲಿ ಸೆಲ್ಫಿ ತೆಗೆಯಲು ಹೋಗಿ ಸತ್ತವರ ಸುದ್ದಿಗಳನ್ನು ಕಲೆಹಾಕಿದ ಭಾರತೀಯ ವೈದ್ಯ ಸಂಶೋಧಕರು 2018ರಲ್ಲಿ ಲೆಕ್ಕ ಕೊಟ್ಟರು: ಒಟ್ಟು 259 ಸಾವು, ಅದರಲ್ಲಿ 159 ಭಾರತದಲ್ಲಿ. ನೀರಿನಲ್ಲಿ ಮುಳುಗುವುದು, ರೈಲಿಗೆ ಸಿಲುಕುವುದು, ಎತ್ತರದಿಂದ ಬೀಳುವುದು ಮುಖ್ಯ ಕಾರಣಗಳು.

ತೆಗೆಯುವ ಸುಖ, ಹಾಕುವ ತಳಮಳ

ಫೋಟೊ ತೆಗೆಯುವುದರಿಂದ ಆ ಕ್ಷಣದ ಸುಖ ಹೋಗುತ್ತದೆ ಎಂದು ಹಿರಿಯರು ಹೇಳುವುದುಂಟು. ಸಂಶೋಧನೆ ಇದನ್ನು ಅರ್ಧ ಮಾತ್ರ ಒಪ್ಪುತ್ತದೆ. ಕ್ರಿಸ್ಟಿನ್ ಡೀಲ್, ಗ್ಯಾಲ್ ಜೌಬರ್‌ಮನ್, ಅಲಿಕ್ಸಾಂಡ್ರಾ ಬರಾಶ್ 2016ರಲ್ಲಿ ಬಸ್ ಪ್ರವಾಸ, ಊಟ ಮುಂತಾದ ಸಂದರ್ಭಗಳಲ್ಲಿ ಪರೀಕ್ಷಿಸಿದಾಗ, ಫೋಟೊ ತೆಗೆದವರು ತೆಗೆಯದವರಿಗಿಂತ ಸಾಮಾನ್ಯವಾಗಿ ಹೆಚ್ಚು ಖುಷಿಪಟ್ಟಿದ್ದರು. ಚೌಕಟ್ಟು ಹುಡುಕುವ ಕಣ್ಣು ಹೆಚ್ಚು ಗಮನಿಸುತ್ತದೆ.

ಅದೇ ತಂಡ 2018ರಲ್ಲಿ ಇನ್ನೊಂದು ಪ್ರಶ್ನೆ ಎತ್ತಿತು. ಕ್ರಿಸ್‌ಮಸ್‌ನ ಫೋಟೊಗಳನ್ನು ಕೆಲವರು ಮನೆಯ ಆಲ್ಬಂಗೆಂದು, ಕೆಲವರು ಫೇಸ್‌ಬುಕ್‌ಗೆಂದು ತೆಗೆಯಬೇಕಿತ್ತು. ಎರಡನೆಯ ಗುಂಪಿಗೆ ಖುಷಿ ಕಡಿಮೆ ಸಿಕ್ಕಿತು. ಕ್ಯಾಮೆರಾ ಹಿಡಿದಾಗಲೇ ‘ನೋಡಿದವರು ಏನೆಂದಾರು’ ಎಂಬ ಚಿಂತೆ ತಲೆಯೊಳಗೆ ಕೂತಿತ್ತು. ಎಡವಟ್ಟು ಕ್ಯಾಮೆರಾದ್ದಲ್ಲ, ಅದರಾಚೆ ಕೂತ ಕಾಣದ ನಾಲ್ಕು ಜನರದು.

ಎಳೆಯರ ವಿಷಯದಲ್ಲಿ ಮಾತು ಇನ್ನೂ ಗಂಭೀರ. ಕಂಪನಿಯ ಮಾಜಿ ಉದ್ಯೋಗಿ ಫ್ರಾನ್ಸಿಸ್ ಹೌಗನ್ 2021ರಲ್ಲಿ ಹೊರತಂದ ಫೇಸ್‌ಬುಕ್‌ನ ಒಳದಾಖಲೆಗಳಲ್ಲಿ, ತಮ್ಮ ದೇಹದ ಬಗ್ಗೆ ಬೇಸರವಿದ್ದ ಹದಿಹರೆಯದ ಹುಡುಗಿಯರಲ್ಲಿ ಶೇ 32ರಷ್ಟು ಮಂದಿ ಇನ್‌ಸ್ಟಾಗ್ರಾಂ ಆ ಬೇಸರವನ್ನು ಹೆಚ್ಚಿಸಿತು ಎಂದಿದ್ದರು. ತನ್ನ ಸಂಶೋಧನೆಯನ್ನು ತಪ್ಪಾಗಿ ಅರ್ಥೈಸಲಾಗಿದೆ ಎಂದು ಕಂಪನಿ ವಾದಿಸಿತು. ಆದರೂ ಆ ಸಂಖ್ಯೆ ಕಂಪನಿಯದೇ ಸ್ಲೈಡಿನಲ್ಲಿತ್ತು. 2025ರ ಡಿಸೆಂಬರ್‌ನಿಂದ ಆಸ್ಟ್ರೇಲಿಯಾ 16ಕ್ಕಿಂತ ಚಿಕ್ಕವರಿಗೆ ಸಾಮಾಜಿಕ ಜಾಲತಾಣಗಳ ಖಾತೆಯನ್ನೇ ನಿಷೇಧಿಸಿದೆ.

ಲೈಕಿನ ಸಂಖ್ಯೆಯನ್ನು ಮರೆಮಾಡುವ ಪ್ರಯೋಗವನ್ನು ಇನ್‌ಸ್ಟಾಗ್ರಾಂ 2019ರಲ್ಲಿ ಆರಂಭಿಸಿ, 2021ರಲ್ಲಿ ಅದನ್ನು ಎಲ್ಲರ ಆಯ್ಕೆಗೆ ಬಿಟ್ಟಿತು. ಮರೆಮಾಡುವುದೇ ಎಲ್ಲರಿಗೂ ಅನ್ವಯಿಸುವ ನಿಯಮವಾಗಿದ್ದರೆ ಎಣಿಕೆಯ ಬಿಸಿ ಇಳಿಯುತ್ತಿತ್ತು. ಒಬ್ಬೊಬ್ಬರ ಇಷ್ಟಕ್ಕೆ ಬಿಟ್ಟದ್ದರಿಂದ, ಮುಚ್ಚಿಟ್ಟವರಿಗೆ ಲೈಕ್ ಬಂದಿಲ್ಲವೇನೋ ಎಂಬ ಅನುಮಾನಕ್ಕೆ ದಾರಿಯಾಯಿತು. ಆಯ್ದವರಿಗೆ ಮಾತ್ರ ಕಾಣುವ ‘ಕ್ಲೋಸ್ ಫ್ರೆಂಡ್ಸ್’ ಪಟ್ಟಿ 2018ರಲ್ಲೇ ಬಂದಿತ್ತು; ಜನ ತಾವಾಗಿಯೇ ಹಿಡಿದಿರುವ ದಾರಿ ಅದರ ಕಡೆಗಿದೆ. ಎಲ್ಲರಿಗೂ ಕಾಣುವ ಫೀಡ್‌ಗೆ ಹಾಕುವುದು ಕಡಿಮೆಯಾಗಿ, ಮನೆಮಂದಿಯ ವಾಟ್ಸ್ಆ್ಯಪ್ ಗುಂಪಿಗೆ, ನಾಲ್ಕೈದು ಗೆಳೆಯರ ಮೆಸೇಜ್‌ಗೆ ಚಿತ್ರ ಹೋಗುತ್ತಿದೆ. ಅಲ್ಲಿ ಕಣ್ಣು ಮುಚ್ಚಿದ ಫೋಟೊ ಕೂಡ ನಡೆಯುತ್ತದೆ.